ಕೆರೆಯ ಏರಿಯಿಂದ ಬೆಟ್ಟದ ನೆತ್ತಿಗೆ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಕೇಳದವರಿಲ್ಲ. ದೂರದಿಂದ ಅಂದವಾಗಿ ಕಂಡದ್ದು ಹತ್ತಿರ ಹೋದಾಗ ಹಾಗಿರುವುದಿಲ್ಲ ಎಂಬುದು ಅದರ ತಾತ್ಪರ್ಯ. ಗಾದೆಯ ಮಾತು ಸುಳ್ಳಲ್ಲ. ಆದರೆ ಬೆಟ್ಟದ ಮಟ್ಟಿಗೆ ಇನ್ನೊಂದು ಮಾತನ್ನೂ ಸೇರಿಸಬೇಕು: ಹತ್ತಿರ ಹೋದವನಿಗೆ ಮಾತ್ರ ಬೆಟ್ಟ ತನ್ನ ನಿಜವನ್ನು ತಿಳಿಸುತ್ತದೆ. ಮಳೆ ನಿಂತ ಮರುದಿನದ ತಿಳಿಯಾದ ಬೆಳಗಿನಲ್ಲಿ ಯಲಹಂಕದ ಎತ್ತರದ ಮಹಡಿಯೊಂದರಿಂದ ಉತ್ತರ ದಿಕ್ಕಿಗೆ ನೋಡಿದರೆ, ನಂದಿಬೆಟ್ಟದ ಸಾಲು ನೀಲಿಯ ಗೆರೆಯಂತೆ ಕಾಣಿಸುತ್ತದೆ. ಪ್ರತಿದಿನ ಬಳ್ಳಾರಿ ರಸ್ತೆಯಲ್ಲಿ ಬಸ್ಸು ಕಾರುಗಳಲ್ಲಿ ಓಡಾಡುವ ಸಾವಿರಾರು ಜನರಿಗೆ ಅದು ಕೇವಲ ಒಂದು ನೋಟ. ಆ ಗೆರೆಗೂ ತಮ್ಮ ಮನೆಯ ನಲ್ಲಿಗೂ ಒಂದು ಕಾಲದಲ್ಲಿ ಸಂಬಂಧವಿತ್ತೆಂಬುದು ಅವರಲ್ಲಿ ಅನೇಕರಿಗೆ ತಿಳಿದಿರಲಾರದು. ಆ ಸಂಬಂಧವನ್ನು ತಿಳಿಯಲು ನಡಿಗೆಗಿಂತ ಉತ್ತಮವಾದ ಉಪಾಯವಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ನಗರದ ಉತ್ತರ ಭಾಗವು ಎರಡು ನದಿಗಳ ನಡುವಣ ದಿಣ್ಣೆ. ಈ ದಿಣ್ಣೆಯ ಪಶ್ಚಿಮಕ್ಕೆ ಹರಿದ ಮಳೆನೀರು ಅರ್ಕಾವತಿಯ ಕಡೆಗೂ, ಪೂರ್ವಕ್ಕೆ ಹರಿದ ನೀರು ದಕ್ಷಿಣ ಪಿನಾಕಿನಿಯ ಕಡೆಗೂ ಸಾಗುತ್ತದೆ. ಈ ಎರಡು ನದಿಗಳೂ ಹುಟ್ಟುವುದು ನಂದಿಬೆಟ್ಟದ ಸಾಲಿನಲ್ಲಿಯೇ. ಅರ್ಕಾವತಿಯು ದೊಡ್ಡಬಳ್ಳಾಪುರ, ಹೆಸರಘಟ್ಟಗಳ ಮೂಲಕ ಹರಿದು ಕೊನೆಗೆ ಕಾವೇರಿಯನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಮಾರ್ಗವಾಗಿ ತಮಿಳುನಾಡನ್ನು ಹೊಕ್ಕು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆದುದರಿಂದ ಉತ್ತರ ಬೆಂಗಳೂರಿನವನು ಕೆರೆಯ ಏರಿಯಿಂದ ಹೊರಟು ಬೆಟ್ಟದ ನೆತ್ತಿಯನ್ನು ಮುಟ್ಟಿದರೆ, ನೀರು ಬಂದ ದಾರಿಯನ್ನೇ ಹಿಮ್ಮುಖವಾಗಿ ನಡೆದಂತಾಗುತ್ತದೆ.

ನಡಿಗೆಯ ದಾರಿಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸುವುದು ವಾಡಿಕೆ. ಈ ವಿಂಗಡಣೆ ಕೇವಲ ದೂರವನ್ನು ಅವಲಂಬಿಸಿಲ್ಲ. ಏರು ಎಷ್ಟು, ನೆಲ ಎಂತಹುದು, ನೆರಳು ನೀರುಗಳ ಅನುಕೂಲವಿದೆಯೆ ಎಂಬುದೆಲ್ಲ ಸೇರಿ ದಾರಿಯ ಸ್ವಭಾವವನ್ನು ನಿರ್ಧರಿಸುತ್ತವೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ೧೮೯೨ರಲ್ಲಿ ಇದಕ್ಕೊಂದು ಸರಳವಾದ ಲೆಕ್ಕವನ್ನು ಹೇಳಿದನು. ಇಂದಿನ ಅಳತೆಯಲ್ಲಿ ಅದು ಸ್ಥೂಲವಾಗಿ ಹೀಗಿದೆ: ಪ್ರತಿ ೫ ಕಿಲೋಮೀಟರಿಗೆ ಒಂದು ಗಂಟೆ, ಏರಬೇಕಾದ ಪ್ರತಿ ೬೦೦ ಮೀಟರು ಎತ್ತರಕ್ಕೆ ಮತ್ತೊಂದು ಗಂಟೆ. ೪ ಕಿಲೋಮೀಟರು ದೂರವೂ ೪೫೦ ಮೀಟರು ಏರೂ ಇರುವ ದಾರಿಗೆ ಈ ಲೆಕ್ಕದಂತೆ ಮೊದಲನೆಯದಕ್ಕೆ ೪೮ ನಿಮಿಷ, ಎರಡನೆಯದಕ್ಕೆ ೪೫ ನಿಮಿಷ, ಒಟ್ಟು ಸುಮಾರು ಒಂದೂವರೆ ಗಂಟೆ ಬೇಕು. ಆದರೆ ನೇಸ್ಮಿತ್ ತಂಪು ದೇಶದವನು, ಅವನ ಲೆಕ್ಕ ನಡಿಗೆಯಲ್ಲಿ ಪಳಗಿದವರಿಗಾಗಿ ಮಾಡಿದ್ದು. ನಮ್ಮ ಬಿಸಿಲು, ಸಡಿಲವಾದ ಜಲ್ಲಿ, ಜೊತೆಯಲ್ಲಿ ಬರುವ ಕಿರಿಯರು ಇವೆಲ್ಲವನ್ನು ಗಣಿಸಿ ಅದಕ್ಕೆ ಮತ್ತೆ ಅರ್ಧದಷ್ಟು ಸಮಯವನ್ನು ಸೇರಿಸಿಕೊಳ್ಳುವುದು ಜಾಣತನ. ಏರು ಇಲ್ಲದ, ಒಂದೆರಡು ಗಂಟೆಗಳಲ್ಲಿ ಮುಗಿಯುವ ದಾರಿಯನ್ನು ಸುಲಭವೆಂದೂ, ಅರ್ಧ ದಿನ ಹಿಡಿಯುವ, ಉಸಿರು ಕಟ್ಟಿಸುವ ಏರಿದ್ದರೂ ಹಗ್ಗ ಮೊದಲಾದ ಸಾಧನಗಳ ಅಗತ್ಯವಿಲ್ಲದ ದಾರಿಯನ್ನು ಮಧ್ಯಮವೆಂದೂ ತಿಳಿಯಬಹುದು.

ಸುಲಭವಾದ ದಾರಿಗಳು ನಗರದೊಳಗೇ ಇವೆ. ಮೇಖ್ರಿ ವೃತ್ತದ ಬಳಿ ಒಂದು ಚಿಕ್ಕ ಬಂಡೆಯ ಮೇಲೆ ಕೆಂಪೇಗೌಡ ಗೋಪುರ ನಿಂತಿದೆ. ಊರಿನ ನಾಲ್ಕು ದಿಕ್ಕುಗಳಲ್ಲಿರುವ ನಾಲ್ಕು ಗೋಪುರಗಳಲ್ಲಿ ಇದು ಉತ್ತರದ್ದು. ಬೆಂಗಳೂರು ಇಷ್ಟರೊಳಗೆ ಬೆಳೆದೀತೆಂದು ಹಿಂದಿನವರು ಊಹಿಸಿದ್ದ ಗಡಿಯ ಗುರುತುಗಳಿವು ಎಂದು ಜನ ಹೇಳುತ್ತಾರೆ. ಇಂದು ರವೀಂದ್ರನಾಥ ಟಾಗೋರ್ ನಗರ, ಹೆಬ್ಬಾಳ, ಯಲಹಂಕಗಳೆಲ್ಲ ಆ ಗೋಪುರವನ್ನು ದಾಟಿ ಬಹುದೂರ ಹರಡಿವೆ. ಹೆಬ್ಬಾಳದಲ್ಲಿ ೨೦೧೮ರಲ್ಲಿ ನೆಲವನ್ನು ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. ೭೫೦ರ ಈ ಕಲ್ಲಿನಲ್ಲಿ ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರಿದೆ. ವಾಹನಗಳ ಭೋರ್ಗರೆತದ ನಡುವೆ ಹನ್ನೆರಡು ಶತಮಾನಗಳಿಗೂ ಹಳೆಯ ಊರೊಂದು ನೆಲದಡಿಯಲ್ಲಿ ಮಲಗಿತ್ತೆಂದು ಯಾರು ತಾನೆ ಎಣಿಸಿದ್ದರು?

ಹೆಬ್ಬಾಳದಿಂದ ಮುಂದೆ ಜಕ್ಕೂರು ಕೆರೆಯಿದೆ. ಅದರ ಏರಿಯನ್ನೂ ದಡವನ್ನೂ ಹಿಡಿದು ಒಂದು ಸುತ್ತು ಬರಲು ಒಂದೂವರೆ ಗಂಟೆ ಸಾಕು. ನೆಲ ಸಮತಟ್ಟಾಗಿದೆ, ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ನಡೆಯಬಹುದು. ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆ, ನಾಮದ ಕೋಳಿಗಳನ್ನು ಇಲ್ಲಿ ಬರಿಗಣ್ಣಿನಿಂದಲೇ ಗುರುತಿಸಬಹುದು. ಇಲ್ಲಿ ಗಮನಿಸಬೇಕಾದ ವಿಶೇಷವೊಂದಿದೆ. ಪಕ್ಕದ ಶುದ್ಧೀಕರಣ ಘಟಕದಲ್ಲಿ ಸಂಸ್ಕರಿಸಿದ ಊರಿನ ಕೊಳಚೆ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಅದು ಮೊದಲು ಜೊಂಡು ಆಪುಗಳು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹರಿಯುತ್ತದೆ. ಆ ಗಿಡಗಳೂ, ಅವುಗಳ ಬೇರಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳೂ ಉಳಿದ ಕಲ್ಮಶದಲ್ಲಿ ಒಂದು ಭಾಗವನ್ನು ಹೀರಿಕೊಳ್ಳುತ್ತವೆ. ಹೀಗೆ ಯಂತ್ರ ಅರ್ಧ ಮಾಡಿದ ಕೆಲಸವನ್ನು ಹುಲ್ಲು ಮುಂದುವರಿಸುತ್ತದೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯೂ ಇಂತಹುದೇ ಇನ್ನೊಂದು ಹಕ್ಕಿಗಳ ತಾಣ. ೨೦೧೫ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ನಗರವನ್ನು ಬಿಟ್ಟು ವಾಯವ್ಯ ದಿಕ್ಕಿಗೆ ಸಾಗಿದರೆ ಹೆಸರಘಟ್ಟ ಸಿಗುತ್ತದೆ. ೧೮೯೪ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಅರ್ಕಾವತಿಗೆ ಅಡ್ಡಲಾಗಿ ಇಲ್ಲಿ ಕೆರೆಯನ್ನು ಸಿದ್ಧಪಡಿಸಿ ಬೆಂಗಳೂರಿಗೆ ಕೊಳಾಯಿ ನೀರನ್ನು ಒದಗಿಸುವ ವ್ಯವಸ್ಥೆಯಾಯಿತು. ನಂದಿಬೆಟ್ಟದ ಮೇಲೆ ಬಿದ್ದ ಮಳೆಯನ್ನು ಬೆಂಗಳೂರಿನ ಜನ ತಮ್ಮ ಬೀದಿಯ ನಲ್ಲಿಯಲ್ಲಿ ಹಿಡಿದುಕೊಂಡ ಕಾಲವದು. ಕೆರೆಯ ಸುತ್ತಣ ಹುಲ್ಲುಗಾವಲು ಐದು ಸಾವಿರ ಎಕರೆಗೂ ಮಿಗಿಲಾದುದು. ಮರಗಳಿಲ್ಲದ ಬಯಲನ್ನು ಬಂಜರೆಂದು ತಿಳಿಯುವುದು ನಮ್ಮ ರೂಢಿಯ ತಪ್ಪು. ನೆಲಗುಬ್ಬಿ ಗೂಡು ಕಟ್ಟುವುದು ಹುಲ್ಲಿನ ಬುಡದಲ್ಲಿ. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಹಾರಿಬರುವ ಬೇಟೆಹಕ್ಕಿಗಳಿಗೆ ಬೇಕಾದುದು ತೆರೆದ ಬಯಲು. ಮಳೆಯ ನೀರನ್ನು ತಡೆದು ನೆಲಕ್ಕೆ ಇಳಿಸುವುದೂ ಈ ಹುಲ್ಲೇ. ಅನೇಕ ವರ್ಷಗಳ ಒತ್ತಾಯದ ತರುವಾಯ, ೨೦೨೪ರಲ್ಲಿ ಈ ಪ್ರದೇಶವನ್ನು ಸಂರಕ್ಷಣಾ ಮೀಸಲಾಗಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ನೀಡಿತು. ಇಲ್ಲಿ ನಡೆಯುವವರು ಇರುವ ಕಾಲುದಾರಿಯನ್ನು ಬಿಟ್ಟು ಹುಲ್ಲನ್ನು ತುಳಿಯಬಾರದು.

ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಮುಂದುವರಿದರೆ ದೇವನಹಳ್ಳಿಯ ಕೋಟೆಯೂ, ಅದರಾಚೆ ಆವತಿಯ ಚಿಕ್ಕ ಬೆಟ್ಟವೂ ಸಿಗುತ್ತವೆ. ಕೆಂಪೇಗೌಡರ ಪೂರ್ವಿಕರು ಬಂದು ಮೊದಲು ನೆಲೆಸಿದ ಊರು ಆವತಿ. ಬೆಟ್ಟದ ಮೇಲೆ ತಿಮ್ಮರಾಯಸ್ವಾಮಿಯ ಗುಡಿಯಿದೆ. ಮೊದಲ ಸಲ ಬೆಟ್ಟ ಹತ್ತುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ದೇವನಹಳ್ಳಿಯ ಸಮೀಪದ ನಲ್ಲೂರಿನಲ್ಲಿ ಪುರಾತನವಾದ ಹುಣಸೆಯ ತೋಪೊಂದಿದೆ. ೨೦೦೭ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ದೇಶದಲ್ಲಿಯೇ ಈ ಮನ್ನಣೆಯನ್ನು ಮೊದಲು ಪಡೆದ ತಾಣವಿದು. ಬೊಡ್ಡೆ ಟೊಳ್ಳಾಗಿಯೂ ಚಿಗುರುತ್ತಿರುವ ಮರಗಳ ನೆರಳಿನಲ್ಲಿ ನಡೆಯುವುದು ಮಧ್ಯಾಹ್ನದ ಬಿಸಿಲಿನಲ್ಲೂ ಹಿತಕರ.

ಕಾಲುಗಳು ಹೀಗೆ ಪಳಗಿದ ಮೇಲೆ ಮಧ್ಯಮ ದರ್ಜೆಯ ಬೆಟ್ಟಗಳನ್ನು ಏರಬಹುದು. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಡಾಬಸ್‌ಪೇಟೆಯವರೆಗೆ ಹೋಗಿ ಅಲ್ಲಿಂದ ಪಕ್ಕಕ್ಕೆ ತಿರುಗಿದರೆ ಶಿವಗಂಗೆ. ನೋಡುವ ದಿಕ್ಕಿಗೆ ತಕ್ಕಂತೆ ಇದು ಬಸವನಂತೆ, ಗಣಪತಿಯಂತೆ, ಲಿಂಗದಂತೆ, ಹೆಡೆಯೆತ್ತಿದ ಹಾವಿನಂತೆ ಕಾಣುತ್ತದೆಂದು ಜನ ವರ್ಣಿಸುತ್ತಾರೆ. ಅರ್ಧ ದಾರಿಯವರೆಗೆ ಗಂಗಾಧರೇಶ್ವರನ ಗುಹಾದೇವಾಲಯ, ಒಳಕಲ್ಲು ತೀರ್ಥ ಎಂದು ವಿಶ್ರಮಿಸಲು ನೆಪಗಳಿವೆ. ಅಲ್ಲಿಂದ ಮೇಲೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಕಡಿದಾಗಿವೆ. ಕಬ್ಬಿಣದ ಕಂಬಿಯನ್ನು ಹಿಡಿದೇ ಹತ್ತಬೇಕು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ೧೧೩೧ರಲ್ಲಿ ದೇಹವನ್ನು ಬಿಟ್ಟದ್ದು ಶಿವಗಂಗೆಯಲ್ಲಿ ಎಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಈ ಬೆಟ್ಟವೂ ನೀರಿನ ತವರು. ಇಲ್ಲಿ ಹುಟ್ಟುವ ಕುಮುದ್ವತಿ ಮುಂದೆ ಹರಿದು ಅರ್ಕಾವತಿಯನ್ನು ಕೂಡುವಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ, ೧೯೩೩ರಲ್ಲಿ ಜಲಾಶಯ ನಿರ್ಮಾಣವಾಯಿತು. ೧೯೭೪ರಲ್ಲಿ ಕಾವೇರಿ ನೀರು ಬರುವವರೆಗೆ ಬೆಂಗಳೂರಿನ ಬಾಯಾರಿಕೆಯನ್ನು ಮುಖ್ಯವಾಗಿ ತಣಿಸಿದವು ಈ ಎರಡು ಜಲಾಶಯಗಳೇ. ಅಂದರೆ ನಂದಿ, ಶಿವಗಂಗೆಗಳು ನಗರಕ್ಕೆ ನೀರನ್ನೆರೆದ ಬೆಟ್ಟಗಳು.

ದೊಡ್ಡಬಳ್ಳಾಪುರದಾಚೆಯ ಮಾಕಳಿದುರ್ಗ, ಯಲಹಂಕದಿಂದ ಹಿಂದೂಪುರದತ್ತ ಹೋಗುವ ರೈಲುಮಾರ್ಗದ ಪಕ್ಕದಲ್ಲಿದೆ. ಮೇಲೆ ಶಿಥಿಲವಾದ ಕೋಟೆಯೂ ಶಿವಾಲಯವೂ ಇವೆ. ಕೆಳಗೆ ಬೆಟ್ಟಗಳ ನಡುವೆ ಬಳುಕುತ್ತ ಸಾಗುವ ರೈಲು ಆಟಿಕೆಯಂತೆ ಕಾಣುತ್ತದೆ. ಆದರೆ ಹಳಿಯ ಮೇಲೆ ನಡೆದು ಬೆಟ್ಟವನ್ನು ಸೇರುವ ಅಭ್ಯಾಸ ಅಪಾಯಕರ. ತಿರುವಿನ ಹಿಂದೆ ಬರುವ ರೈಲು ಕಣ್ಣಿಗೆ ಬೀಳುವ ವೇಳೆಗೆ ಓಡಲು ಸಮಯವಿರುವುದಿಲ್ಲ. ಚಿಕ್ಕಬಳ್ಳಾಪುರದ ಬಳಿ ಕಳವಾರ ಗ್ರಾಮದಿಂದ ಏರುವ ಸ್ಕಂದಗಿರಿ ಸುಮಾರು ೧,೪೫೦ ಮೀಟರು ಎತ್ತರದ್ದು. ಚಳಿಗಾಲದ ಮುಂಜಾವಿನಲ್ಲಿ ಇದರ ನೆತ್ತಿಯಿಂದ ನೋಡಿದರೆ ಕೆಳಗಿನ ಬಯಲೆಲ್ಲ ಮೋಡದಲ್ಲಿ ಮುಳುಗಿ, ಬೆಟ್ಟಗಳು ದ್ವೀಪಗಳಂತೆ ತೇಲುತ್ತವೆ. ಹಿಂದೆ ಹೇಳಿದ ಒಂದೂವರೆ ಗಂಟೆಯ ಲೆಕ್ಕ ಸರಿಸುಮಾರಾಗಿ ಈ ಬೆಟ್ಟಕ್ಕೆ ಹೊಂದುತ್ತದೆ. ಆದರೂ ಎರಡು ಗಂಟೆಗಳಿಗೆ ಮೀರಿ ಹಿಡಿಯುವವರೇ ಹೆಚ್ಚು. ಇಂತಹ ಅರಣ್ಯದ ದಾರಿಗಳಿಗೆ ಮುಂಗಡವಾಗಿ ಅನುಮತಿ ಪಡೆಯಬೇಕು. ದಿನಕ್ಕೆ ಗೊತ್ತುಪಡಿಸಿದ ಸಂಖ್ಯೆಗಿಂತ ಹೆಚ್ಚು ಜನರನ್ನು ಬಿಡದಿರುವುದು ಬೆಟ್ಟದ ಹಿತಕ್ಕೂ ಹತ್ತುವವರ ಹಿತಕ್ಕೂ ಆಗಿದೆ.

ಇನ್ನು ನಂದಿಬೆಟ್ಟ. ಇದರ ಎತ್ತರ ೧,೪೭೮ ಮೀಟರು. ಬಹುಮಂದಿ ಬಲ್ಲದ್ದು ಇದರ ಮೋಟಾರು ರಸ್ತೆಯನ್ನು. ಆದರೆ ರಸ್ತೆಗಿಂತ ಹಳೆಯದು ಕಲ್ಲಿನ ಮೆಟ್ಟಿಲುಗಳ ಕಾಲುದಾರಿ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಹಳೆಯ ನಿಲ್ದಾಣವಿದೆ. ತಪ್ಪಲಿನ ನಂದಿ ಗ್ರಾಮದಲ್ಲಿ ಒಂಬತ್ತನೆಯ ಶತಮಾನದಷ್ಟು ಹಳೆಯದಾದ ಭೋಗನಂದೀಶ್ವರನ ಆಲಯವಿದೆ, ನೆತ್ತಿಯಲ್ಲಿ ಯೋಗನಂದೀಶ್ವರನಿದ್ದಾನೆ. ಭೋಗದಿಂದ ಯೋಗದವರೆಗಿನ ಈ ಏರನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವನಿಗೇ ೧೭೯೧ರಲ್ಲಿ ಈ ಕೋಟೆಯನ್ನು ಮುತ್ತಿದ ಇಂಗ್ಲಿಷ್ ಸೈನ್ಯ ಪಟ್ಟ ಪಾಡು ಅರ್ಥವಾದೀತು. ಗಾಂಧೀಜಿಯವರು ೧೯೨೭ರಲ್ಲಿಯೂ ೧೯೩೬ರಲ್ಲಿಯೂ ಆರೋಗ್ಯಕ್ಕಾಗಿ ಇಲ್ಲಿ ತಂಗಿದ್ದರು. ಮೇಲಿನ ಕುರುಚಲು ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಹಕ್ಕಿ ವಾಸಿಸುತ್ತದೆ. ದಕ್ಷಿಣ ಭಾರತದ ಇಂತಹ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಅದಕ್ಕೆ ನೆಲೆಯಿಲ್ಲ.

ಈ ಬೆಟ್ಟಗಳಲ್ಲಿ ಬಂಡೆಯ ಮೈ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಏಳುವುದನ್ನು ಕಾಣಬಹುದು. ಹಗಲಿನ ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ, ಬಿರುಕಿನಲ್ಲಿ ಇಳಿದ ನೀರಿನಿಂದ ಸಡಿಲವಾಗಿ, ಗಟ್ಟಿಯಾದ ಕಲ್ಲೂ ಯುಗಯುಗಗಳಲ್ಲಿ ಸವೆಯುತ್ತದೆ. ಸುತ್ತಲಿನ ನೆಲ ಸವೆದು ಹೋಗಿ, ಬಿರುಕು ಕಡಿಮೆಯಿದ್ದ ಭಾಗಗಳು ಹೀಗೆ ಒಂಟಿಬೆಟ್ಟಗಳಾಗಿ ಉಳಿದವು. ಅದೇ ಬಿರುಕುಗಳು ಮಳೆಯ ನೀರನ್ನು ಹೀರಿ, ತಿಂಗಳುಗಟ್ಟಲೆ ಒಳಗಿಟ್ಟುಕೊಂಡು, ತಪ್ಪಲಿನಲ್ಲಿ ಒರತೆಯಾಗಿ ಬಿಟ್ಟುಕೊಡುತ್ತವೆ. ಬೆಟ್ಟ ಎಂದರೆ ಕಲ್ಲಿನ ರಾಶಿ ಮಾತ್ರವಲ್ಲ. ಅದೊಂದು ನೀರಿನ ಕಣಜ.

ಬೆಟ್ಟದ ಸಹವಾಸಕ್ಕೆ ಕೆಲವು ನಿಯಮಗಳಿವೆ. ಅಕ್ಟೋಬರ್ ತಿಂಗಳ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಬೇಸಗೆಯ ಮಧ್ಯಾಹ್ನಗಳಲ್ಲಿ ಬಂಡೆ ಕಾದ ಹೆಂಚಾಗುತ್ತದೆ. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಸಿಡಿಲಿನ ಭಯವಿದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲು ಜಾರುತ್ತದೆ. ೨೦೨೧ರ ಆಗಸ್ಟ್ ತಿಂಗಳಲ್ಲಿ ಭಾರೀ ಮಳೆಗೆ ನಂದಿಬೆಟ್ಟದ ಒಂದು ಪಾರ್ಶ್ವ ಕುಸಿದು ರಸ್ತೆಯೇ ಮುಚ್ಚಿಹೋಗಿತ್ತು. ಹೆಜ್ಜೇನಿನ ಗೂಡಿರುವ ಕಡೆ ಕೂಗಾಟ, ಹೊಗೆ ಎರಡೂ ಸಲ್ಲವು. ಬೆಳಗ್ಗೆ ಬೇಗ ಹೊರಡಬೇಕು. ಕತ್ತಲಾಗುವ ಮುನ್ನ ಇಳಿದಿರಬೇಕು. ತಲಾ ಎರಡು ಲೀಟರು ನೀರು, ಸ್ವಲ್ಪ ಕಡಲೆಬೀಜ ಬೆಲ್ಲ, ಹಿಡಿತವಿರುವ ಪಾದರಕ್ಷೆ, ಟೋಪಿ ಇಷ್ಟಿದ್ದರೆ ಸಾಕು. ಎಲ್ಲಕ್ಕಿಂತ ಮುಖ್ಯವಾದ ನಿಯಮ: ಒಬ್ಬರೇ ಹೋಗಬಾರದು, ಹೋಗುವ ಸ್ಥಳವನ್ನು ಮನೆಯಲ್ಲಿ ತಿಳಿಸದೆ ಹೊರಡಬಾರದು. ೨೦೨೨ರ ಫೆಬ್ರವರಿಯಲ್ಲಿ ನಂದಿಯ ನೆರೆಯ ಬ್ರಹ್ಮಗಿರಿಯನ್ನು ಒಂಟಿಯಾಗಿ ಏರಿದ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಕಾಲು ಜಾರಿ ನೂರಾರು ಅಡಿ ಕೆಳಗಿನ ಕಡಿದಾದ ಜಾಗದಲ್ಲಿ ಸಿಕ್ಕಿಕೊಂಡನು. ನೆಲದ ಮೇಲಿನ ಪ್ರಯತ್ನಗಳು ಫಲಿಸದೆ, ಕೊನೆಗೆ ಯಲಹಂಕದ ವಾಯುನೆಲೆಯಿಂದ ಬಂದ ಹೆಲಿಕಾಪ್ಟರು ಅವನನ್ನು ಮೇಲಕ್ಕೆತ್ತಿ ಉಳಿಸಿತು. ಅಂದು ನೆರವು ಸಕಾಲದಲ್ಲಿ ಒದಗಿತು. ಎಲ್ಲರಿಗೂ ಎಲ್ಲ ಕಾಲದಲ್ಲೂ ಒದಗುವುದೆಂದು ನಂಬುವುದು ವಿವೇಕವಲ್ಲ. ನೆತ್ತಿಯನ್ನು ಮುಟ್ಟದೆ ಅರ್ಧದಾರಿಯಿಂದ ಹಿಂತಿರುಗುವುದು ಅವಮಾನವೂ ಅಲ್ಲ. ಬೆಟ್ಟ ಮುಂದಿನ ವಾರವೂ ಅಲ್ಲಿಯೇ ಇರುತ್ತದೆ.

ಆದರೆ ಬೆಟ್ಟ ಅಲ್ಲಿಯೇ ಇರುತ್ತದೆಂಬ ಮಾತು ಇಂದು ಪೂರ್ಣವಾಗಿ ನಿಜವೆ? ಈ ದಾರಿಗಳಲ್ಲಿ ನಡೆದವರು ಎರಡು ಬಗೆಯ ದೃಶ್ಯಗಳನ್ನು ಕಾಣುತ್ತಾರೆ. ಒಂದು ಕಡೆ ಹಸಿರಿನ ನೆತ್ತಿ. ಇನ್ನೊಂದು ಕಡೆ ಜಲ್ಲಿಗಾಗಿ ಸೀಳಿದ ಗುಡ್ಡದ ಬಿಳಿಯ ಗಾಯ. ಯುಗಗಳು ಸವೆಸಲಾರದುದನ್ನು ಸಿಡಿಮದ್ದು ಕೆಲವೇ ವರ್ಷಗಳಲ್ಲಿ ಪುಡಿಮಾಡುತ್ತದೆ. ನಗರದ ಪ್ರತಿಯೊಂದು ಮಹಡಿಯಲ್ಲಿಯೂ ಯಾವುದೋ ಗುಡ್ಡದ ಒಂದು ತುಣುಕಿದೆ. ಅರ್ಕಾವತಿಯ ಪಾತ್ರದಲ್ಲಿ ನೀರು ಹರಿಯುವ ದಿನಗಳೇ ಅಪರೂಪವಾದವು. ಕಾಲುವೆಗಳು ಮುಚ್ಚಿದವು, ಕೊಳವೆಬಾವಿಗಳು ಅಂತರ್ಜಲವನ್ನು ಆಳಕ್ಕೆ ಎಳೆದವು, ಬಯಲುಗಳಲ್ಲಿ ನೀಲಗಿರಿ ತೋಪುಗಳು ಹರಡಿದವು. ಹೆಸರಘಟ್ಟದ ಕೆರೆ ಬಹುಕಾಲ ಬತ್ತಿಯೇ ಇದ್ದು, ೨೦೨೨ರ ದೊಡ್ಡ ಮಳೆಗೆ ಮತ್ತೆ ನೀರನ್ನು ಕಂಡಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ೨೦೧೭ರಲ್ಲಿ ನಿಷೇಧಿಸಿತು. ಆ ಒಂದು ಮಳೆ ನದಿಯ ದಾರಿ ಇನ್ನೂ ಅಳಿದಿಲ್ಲವೆಂಬುದನ್ನು ತೋರಿಸಿಕೊಟ್ಟಿತು. ಆ ದಾರಿಯನ್ನು ಬಿಡಿಸಿಕೊಡುವ ಕೆಲಸ ನಮ್ಮದು.

ಆ ಕೆಲಸಕ್ಕೆ ಮೊದಲು ಬೇಕಾದುದು ಪರಿಚಯ. ಕಾಣದ ಕೆರೆಯ ಒತ್ತುವರಿಯನ್ನು ಯಾರೂ ಪ್ರಶ್ನಿಸಲಾರರು. ಹತ್ತದ ಬೆಟ್ಟ ಸೀಳಿಹೋದರೆ ಯಾರಿಗೂ ನೋವಾಗದು. ಆದುದರಿಂದ ವಿದ್ಯಾರ್ಥಿಗಳು ರಜಾದಿನಗಳಲ್ಲಿ ಅಧ್ಯಾಪಕರೊಡನೆಯೋ ಹಿರಿಯರೊಡನೆಯೋ ಈ ದಾರಿಗಳಲ್ಲಿ ನಡೆಯಬೇಕು. ಹೋಗುವಾಗ ಒಯ್ದ ಕಾಗದ ಪ್ಲಾಸ್ಟಿಕ್ಕುಗಳನ್ನು ಬರುವಾಗ ಹಿಂದಕ್ಕೆ ತರಬೇಕು. ಬಂಡೆಯ ಮೇಲೆ ತಮ್ಮ ಹೆಸರನ್ನು ಕೆತ್ತಬಾರದು. ಕಿತ್ತಯ್ಯನ ಹೆಸರು ಕಲ್ಲಿನಲ್ಲಿ ಉಳಿದದ್ದು ಅವನು ಬರೆದುಕೊಂಡದ್ದರಿಂದಲ್ಲ. ಅವನು ಕಾಳಗದಲ್ಲಿ ಪ್ರಾಣಕೊಟ್ಟನು, ಜನ ಅವನ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿದರು. ಕೆರೆಯನ್ನು ಕಾಯುವುದು, ಬೆಟ್ಟವನ್ನು ಉಳಿಸುವುದು ಇವು ಈ ಕಾಲದ ಊರ ಕಾವಲು. ಅದಕ್ಕೆ ಕತ್ತಿ ಬೇಡ. ನೆಲವನ್ನು ಬಲ್ಲ ಕಾಲುಗಳೂ ಅದನ್ನು ಮರೆಯದ ಮನಸ್ಸೂ ಬೇಕು.